ಹೆದರಲು ಬಂದವರು ನಕ್ಕಾಗ



ದತ್ತಿ ಉಪನ್ಯಾಸಕ್ಕೆ ದೆವ್ವದ ಸಿನಿಮಾ, ಅದರಲ್ಲೂ ಎಲ್ಲರೂ ಬೈದ ಒಂದು ಎರಡನೆಯ ಭಾಗ ಎಂದಾಗ ಸಂಘಟಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಧಾರಾಳವಾಗಿ ಒಪ್ಪಿದರು. ಗೆದ್ದ ಚಿತ್ರಗಳ ಬಗ್ಗೆ ಹೇಳಲು ಬೇಕಾದಷ್ಟು ಜನರಿದ್ದಾರೆ. ನನಗೆ ಕುತೂಹಲ ಇರುವುದು ದುಡ್ಡು ಕೊಟ್ಟು ಒಳಗೆ ಹೋಗಿ, ಮುಖ ಹುಳ್ಳಗೆ ಮಾಡಿಕೊಂಡು ಹೊರಗೆ ಬರುವ ಪ್ರೇಕ್ಷಕನ ಬಗ್ಗೆ. ಅವನು ಏನು ಕೇಳಿದ್ದ, ಅವನಿಗೆ ಏನು ಸಿಕ್ಕಿತು, ಅವನ ಮುನಿಸನ್ನು ಸಿನಿಮಾ ಮಾಡುವವರು ಹೇಗೆ ಅರ್ಥಮಾಡಿಕೊಂಡರು ಎಂಬುದನ್ನು ಒಂದೇ ಚಿತ್ರಸರಣಿಯ ಬೆನ್ನುಹತ್ತಿ ನೋಡೋಣ.

1977ರ ಜೂನ್ 17ರಂದು ಅಮೆರಿಕದ ನೂರಾರು ಚಿತ್ರಮಂದಿರಗಳಲ್ಲಿ ‘ಎಕ್ಸಾರ್ಸಿಸ್ಟ್ 2: ದಿ ಹೆರೆಟಿಕ್’ ಒಟ್ಟಿಗೆ ತೆರೆಕಂಡಿತು. ಮೂರೂವರೆ ವರ್ಷದ ಹಿಂದೆ ಮೊದಲ ಭಾಗ ನೋಡಿ ನಿದ್ದೆಗೆಟ್ಟಿದ್ದವರು ಇನ್ನೊಮ್ಮೆ ನಿದ್ದೆಗೆಡಲು ಸಿದ್ಧರಾಗಿಯೇ ಹೋದರು. ಸ್ವಲ್ಪ ಹೊತ್ತಿನಲ್ಲಿ ನಗತೊಡಗಿದರು. ಮೊದಲ ಚಿತ್ರಕ್ಕೆ ಮೂಲವಾದ ಕಾದಂಬರಿಯನ್ನೂ ಚಿತ್ರಕಥೆಯನ್ನೂ ಬರೆದ ವಿಲಿಯಂ ಪೀಟರ್ ಬ್ಲ್ಯಾಟಿ ತಾನೂ ಹಾಗೆ ಕೂತು ನಕ್ಕವರಲ್ಲಿ ಒಬ್ಬನೆಂದು ಆಮೇಲೆ ಹೇಳಿಕೊಂಡ. ಮೊದಲ ಭಾಗದ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಅಂತೂ, ರೊಚ್ಚಿಗೆದ್ದ ಪ್ರೇಕ್ಷಕರು ಸ್ಟುಡಿಯೋದ ದೊಡ್ಡ ಕುಳಗಳನ್ನು ಬೀದಿಯವರೆಗೂ ಅಟ್ಟಿಸಿಕೊಂಡು ಹೋದರೆಂಬ ಕಥೆಯನ್ನು ಸಂದರ್ಶನಗಳಲ್ಲಿ ಖುಷಿಯಿಂದ ಹೇಳುತ್ತಿದ್ದ. ಅದರಲ್ಲಿ ಉಪ್ಪುಖಾರ ಎಷ್ಟಿತ್ತೋ. ಇನ್ನೊಬ್ಬರ ಸೋಲನ್ನು ವರ್ಣಿಸುವಾಗ ನಿರ್ದೇಶಕರಿಗೆ ಕಥನಕಲೆ ತಾನಾಗಿ ಒಲಿಯುತ್ತದೆ.

ಹಣದ ಲೆಕ್ಕದಲ್ಲಿ ಆ ಚಿತ್ರ ಮುಳುಗಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸುಮಾರು 1.4 ಕೋಟಿ ಡಾಲರ್ ವೆಚ್ಚದ ಚಿತ್ರ ಅಮೆರಿಕವೊಂದರಲ್ಲೇ ಸುಮಾರು 3 ಕೋಟಿ ಡಾಲರ್ ಗಳಿಸಿತು. ನಿರಾಶೆ ಯಾವಾಗಲೂ ಟಿಕೆಟ್ ಕೊಂಡ ಮೇಲೆ ಬರುವಂಥದ್ದು. ಗಲ್ಲಾಪೆಟ್ಟಿಗೆಯ ಪುಸ್ತಕದಲ್ಲಿ ಅದಕ್ಕೆ ಒಂದು ಕಾಲಂ ಇಲ್ಲ.

ಮೊದಲ ಚಿತ್ರ ಹೇಗೆ ಹೆದರಿಸಿತ್ತು ಎಂಬುದನ್ನು ನೆನಪು ಮಾಡಿಕೊಳ್ಳದೆ ಮುಂದಿನದು ಅರ್ಥವಾಗುವುದಿಲ್ಲ. 1973ರ ಡಿಸೆಂಬರ್ 26ರಂದು, ಕ್ರಿಸ್‌ಮಸ್‌ನ ಮರುದಿನ, ‘ದಿ ಎಕ್ಸಾರ್ಸಿಸ್ಟ್’ ಬಿಡುಗಡೆಯಾದದ್ದು ಎರಡು ಡಜನ್‌ನಷ್ಟು ಚಿತ್ರಮಂದಿರಗಳಲ್ಲಿ. ಚಳಿಯಲ್ಲಿ ಸಾಲುಗಟ್ಟಿ ನಿಂತ ಜನರೇ ಅದರ ಜಾಹೀರಾತಾದರು. ಸಾಕ್ಷ್ಯಚಿತ್ರಗಳಲ್ಲಿ ಕೈ ಪಳಗಿಸಿಕೊಂಡು ಬಂದಿದ್ದ ಫ್ರೀಡ್ಕಿನ್ ದೆವ್ವವನ್ನು ಅವಸರದಲ್ಲಿ ಕರೆತರಲಿಲ್ಲ. ವಾಷಿಂಗ್ಟನ್‌ನ ಜಾರ್ಜ್‌ಟೌನ್‌ನಲ್ಲಿ ಒಂದು ಬಾಡಿಗೆ ಮನೆ, ಸಿನಿಮಾ ನಟಿಯಾದ ತಾಯಿ, ಹನ್ನೆರಡು ವರ್ಷದ ಮಗಳು ರೀಗನ್. ಅಟ್ಟದ ಮೇಲೆ ಇಲಿಯಂಥ ಸದ್ದು. ಮಗಳ ನಡತೆ ಕೆಡುತ್ತದೆ, ತಾಯಿ ವೈದ್ಯರ ಹತ್ತಿರ ಓಡುತ್ತಾಳೆ. ಆಸ್ಪತ್ರೆಯಲ್ಲಿ ಆ ಮಗುವಿನ ಕುತ್ತಿಗೆಗೆ ಸೂಜಿ ಚುಚ್ಚಿ ಮಿದುಳಿನ ರಕ್ತನಾಳಗಳ ಚಿತ್ರ ತೆಗೆಯುವ ದೃಶ್ಯವಿದೆ. ದೆವ್ವದ ಆರ್ಭಟವನ್ನೆಲ್ಲ ತಡೆದುಕೊಂಡ ಎಷ್ಟೋ ಜನ ಅಲ್ಲಿ ಕಣ್ಣು ಮುಚ್ಚಿದ್ದುಂಟು. ವೈದ್ಯರೆಲ್ಲ ಕೈಚೆಲ್ಲಿದ ಮೇಲೆ, ಅವರೇ ಸಂಕೋಚಪಡುತ್ತ ಪಾದ್ರಿಗಳ ಹೆಸರೆತ್ತುತ್ತಾರೆ. ಅಷ್ಟರಲ್ಲಿ ಅರ್ಧ ಸಿನಿಮಾ ಕಳೆದಿರುತ್ತದೆ, ನಾವು ಆ ಮನೆಯವರೇ ಆಗಿಬಿಟ್ಟಿರುತ್ತೇವೆ. ಕೊನೆಗೆ ದೆವ್ವ ಬಿಡಿಸುವ ಕೋಣೆಯಲ್ಲಿ ಪಾತ್ರಗಳ ಬಾಯಿಂದ ಬರುವ ಹಬೆ ನಿಜವಾದದ್ದು. ಸೆಟ್ಟಿನ ಆ ಕೋಣೆಯನ್ನು ಯಂತ್ರಗಳಿಂದ ಕೊರೆಯುವಷ್ಟು ತಣ್ಣಗಾಗಿಸಿ ಚಿತ್ರೀಕರಿಸಿದ್ದರು.

ಇಷ್ಟೆಲ್ಲ ಕಟ್ಟಿದ ಚಿತ್ರ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ. ಈ ಹುಡುಗಿಯೇ ಏಕೆ? ಬ್ಲ್ಯಾಟಿಗೆ ಉತ್ತರ ಗೊತ್ತಿತ್ತು. ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತ ಇಬ್ಬರು ಪಾದ್ರಿಗಳ ಬಾಯಲ್ಲಿ ಅದನ್ನು ಆಡಿಸಿದ್ದ, ಅದನ್ನು ಚಿತ್ರೀಕರಿಸಿಯೂ ಆಗಿತ್ತು. ಸಂಕಲನದಲ್ಲಿ ಫ್ರೀಡ್ಕಿನ್ ಅದನ್ನು ಕತ್ತರಿಸಿ ಹಾಕಿದ. ಈ ಕತ್ತರಿಯ ಬಗ್ಗೆ ಇಬ್ಬರಿಗೂ ವರ್ಷಗಟ್ಟಲೆ ತಕರಾರಿತ್ತು, ಕೊನೆಗೆ 2000ದ ಹೊಸ ಆವೃತ್ತಿಯಲ್ಲಿ ಸ್ನೇಹಕ್ಕೆ ಕಟ್ಟುಬಿದ್ದು ಫ್ರೀಡ್ಕಿನ್ ಆ ಮಾತುಗಳನ್ನು ವಾಪಸು ಸೇರಿಸಿದ. ನನ್ನ ಮತ 1973ರ ಕತ್ತರಿಗೆ. ಕಾರಣ ತಿಳಿದ ಭಯಕ್ಕೆ ಮದ್ದು ಹುಡುಕಬಹುದು, ಕಾರಣವೇ ಇಲ್ಲದೆ ನಿಮ್ಮ ಪಕ್ಕದ ಮನೆಯ ಬಾಗಿಲು ತಟ್ಟಿದ್ದು ನಾಳೆ ನಿಮ್ಮ ಬಾಗಿಲನ್ನೂ ತಟ್ಟಬಹುದು.

ಈಗ ಎರಡನೆಯ ಭಾಗದ ನಿರ್ದೇಶಕನ ವಿಷಯ. ಜಾನ್ ಬೂರ್‌ಮನ್‌ಗೆ ಮೊದಲ ಚಿತ್ರವನ್ನೇ ನಿರ್ದೇಶಿಸುವಂತೆ ಕೇಳಿದ್ದರು. ಇದು ಒಂದು ಮಗುವನ್ನು ಹಿಂಸಿಸುವ ಕಥೆ, ನನಗೆ ಬೇಡ ಎಂದು ನಿರಾಕರಿಸಿದ್ದ. ‘ಡೆಲಿವರೆನ್ಸ್’ ಮಾಡಿದ ದೊಡ್ಡ ನಿರ್ದೇಶಕ, ಅವನ ಆಕ್ಷೇಪದಲ್ಲಿ ನೈತಿಕ ತೂಕವೂ ಇತ್ತು. ಆದರೆ ಒಂದು ಚಿತ್ರವನ್ನು ಕಂಡರಾಗದವನ ಕೈಗೇ ಅದರ ಮುಂದುವರಿಕೆಯನ್ನು ಕೊಡುವ ಬುದ್ಧಿ ಸ್ಟುಡಿಯೋಗೆ ಎಲ್ಲಿಂದ ಬಂತೋ! ನಿರ್ಮಾಪಕರ ಮೂಲ ಯೋಜನೆ ಬೇರೆಯೇ ಇತ್ತು. ಹಳೆಯ ಚಿತ್ರದಲ್ಲಿ ಬಳಸದೆ ಉಳಿದ ತುಣುಕುಗಳನ್ನು ಸೇರಿಸಿ, ಕಡಿಮೆ ಖರ್ಚಿನಲ್ಲಿ ಅದೇ ಕಥೆಯನ್ನು ತಿರುಗಿಸಿ ಹೇಳುವುದು. ವಿಲಿಯಂ ಗುಡ್‌ಹಾರ್ಟ್ ಬರೆದ ಚಿತ್ರಕಥೆಯಲ್ಲಿ ಅದಕ್ಕಿಂತ ದೊಡ್ಡ ಹಂಬಲವಿತ್ತು. ಮನುಷ್ಯಕುಲದ ಪ್ರಜ್ಞೆಯೆಲ್ಲ ಮುಂದೊಂದು ದಿನ ಒಂದಾಗುತ್ತದೆ ಎಂದು ನಂಬಿದ್ದ ಫ್ರೆಂಚ್ ಪಾದ್ರಿ, ವಿಜ್ಞಾನಿ ತೇಯಾರ್ ದ ಶಾರ್ದಾನ್‌ನ ಚಿಂತನೆ ಅದರ ಬೆನ್ನಿಗಿತ್ತು. ಬೂರ್‌ಮನ್ ಆ ಹಂಬಲಕ್ಕೆ ಮನಸೋತ. ಚಿತ್ರಕಥೆಯನ್ನು ಮತ್ತೆ ಮತ್ತೆ ತಿದ್ದಿಸಿದ, ಮಧ್ಯೆ ಅವನು ಶ್ವಾಸಕೋಶದ ಸೋಂಕಿಗೆ ತುತ್ತಾದ್ದರಿಂದ ಚಿತ್ರೀಕರಣವೇ ವಾರಗಟ್ಟಲೆ ನಿಂತಿತು. ತಾಯಿಯ ಪಾತ್ರ ಮಾಡಿದ್ದ ಎಲೆನ್ ಬರ್ಸ್ಟಿನ್ ಬರಲು ಒಪ್ಪಲಿಲ್ಲ. ರೀಗನ್ ಆಗಿದ್ದ ಲಿಂಡಾ ಬ್ಲೇರ್ ಬಂದಳು, ಆದರೆ ಆ ದೆವ್ವದ ಮೇಕಪ್ಪನ್ನು ಇನ್ನೊಮ್ಮೆ ಹಚ್ಚಿಸಿಕೊಳ್ಳುವುದಿಲ್ಲ ಎಂದಳು. ಆ ದೃಶ್ಯಗಳಿಗೆ ಬದಲಿ ನಟಿಯನ್ನು ತಂದರು. ಜಾರ್ಜ್‌ಟೌನ್‌ನ ಮನೆಯನ್ನೂ ಆಫ್ರಿಕದ ಬಂಡೆಗಳನ್ನೂ ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲೇ ಕಟ್ಟಿದರು.

ಪ್ರೇಕ್ಷಕ ನೋಡಿದ್ದು ಇದನ್ನು. ರೀಗನ್‌ಗೆ ಈಗ ಹದಿನಾರು, ನ್ಯೂಯಾರ್ಕಿನ ಆಧುನಿಕ ಚಿಕಿತ್ಸಾಲಯವೊಂದಕ್ಕೆ ಹೋಗಿಬರುತ್ತಾಳೆ. ಅಲ್ಲಿ ಕೋಣೆಗಳ ಗೋಡೆಗಳೆಲ್ಲ ಗಾಜು. ಲೂಯಿಸ್ ಫ್ಲೆಚರ್ ಅಭಿನಯಿಸಿದ ವೈದ್ಯೆಯ ಬಳಿ ಒಂದು ಯಂತ್ರವಿದೆ. ಎದುರುಬದುರು ಕೂತ ಇಬ್ಬರ ಹಣೆಗೆ ಪಟ್ಟಿ ಕಟ್ಟಿ, ಮಿಣುಕುವ ದೀಪ ತೋರಿಸಿ ಗುಂಯ್ಗುಡುವ ಸದ್ದು ಕೇಳಿಸಿದರೆ ಒಬ್ಬರ ನೆನಪಿನೊಳಕ್ಕೆ ಇನ್ನೊಬ್ಬರು ಇಳಿಯಬಹುದು! ರಿಚರ್ಡ್ ಬರ್ಟನ್ ಮಾಡಿದ ಪಾದ್ರಿ ಲಮಾಂಟ್, ಮೊದಲ ಭಾಗದಲ್ಲಿ ಸತ್ತ ಹಿರಿಯ ಪಾದ್ರಿ ಮೆರಿನ್ ಕುರಿತ ತನಿಖೆಗೆ ಬಂದವನು, ಆ ಯಂತ್ರದ ಮೂಲಕ ಹುಡುಗಿಯ ಮನಸ್ಸಿನೊಳಗೆ ಹೋಗಿ ಪಝೂಝು ಎಂಬ ಪಿಶಾಚಿಯನ್ನು ಕಾಣುತ್ತಾನೆ. ಮಿಡತೆಯ ಬೆನ್ನೇರಿ ಆಫ್ರಿಕ ಸುತ್ತುತ್ತಾನೆ. ಅಲ್ಲಿ ನಟ ಜೇಮ್ಸ್ ಅರ್ಲ್ ಜೋನ್ಸ್ ಮಿಡತೆಯ ವೇಷದಲ್ಲಿ ಒಮ್ಮೆ, ಪ್ರಯೋಗಾಲಯದಲ್ಲಿ ಮಿಡತೆ ಸಾಕುವ ವಿಜ್ಞಾನಿಯಾಗಿ ಇನ್ನೊಮ್ಮೆ ಪ್ರತ್ಯಕ್ಷನಾಗುತ್ತಾನೆ. ಆಫ್ರಿಕದಲ್ಲಿ ಪಾದ್ರಿಗೆ ಕಲ್ಲೇಟು ಬೀಳುವ ಹೊತ್ತಿಗೆ ನ್ಯೂಯಾರ್ಕಿನಲ್ಲಿ ರೀಗನ್ ಟೋಪಿ ಹಾಕಿಕೊಂಡು ಕುಣಿಯುತ್ತಿದ್ದಾಳೆ, ಅವನಿಗೆ ಪೆಟ್ಟು ಬಿದ್ದರೆ ಇವಳು ವೇದಿಕೆಯ ಮೇಲೆ ಕುಸಿಯುತ್ತಾಳೆ. ಒಂದು ದೃಶ್ಯದಲ್ಲಿ ಚಿಕಿತ್ಸಾಲಯದ ಪುಟ್ಟ ಹುಡುಗಿಯೊಬ್ಬಳು, ನಿನಗೇನಾಗಿತ್ತು ಎಂದು ಕೇಳುತ್ತಾಳೆ. ದೆವ್ವ ಹಿಡಿದಿತ್ತು, ಈಗ ಹೋಯಿತು ಎನ್ನುತ್ತಾಳೆ ರೀಗನ್, ಚಿಕ್ಕಂದಿನಲ್ಲಿ ದಡಾರ ಎದ್ದಿತ್ತು ಎಂದು ಹೇಳುವ ಹಾಗೆ. ಆ ಮಾತಿಗೆ ಇವತ್ತಿಗೂ ಸಭಾಂಗಣ ಗೊಳ್ಳೆನ್ನುತ್ತದೆ.

ಆ ನಗುವಿನ ಬಗ್ಗೆ ಒಂದು ಕ್ಷಣ ನಿಲ್ಲಬೇಕು. ಕಾವ್ಯಮೀಮಾಂಸಕ ಅಭಿನವಗುಪ್ತ ರಸಾನುಭವಕ್ಕೆ ಒದಗುವ ಏಳು ವಿಘ್ನಗಳನ್ನು ಎಣಿಸುವಾಗ ಮೊದಲನೆಯದಾಗಿ ಇಡುವುದು ಸಂಭಾವನಾವಿರಹವನ್ನು: ರಂಗದ ಮೇಲಿನದು ನಡೆಯಬಹುದಾದದ್ದು ಎಂದು ನೋಡುವವನ ಮನಸ್ಸು ಒಪ್ಪದೆ ಹೋಗುವುದು. ರಸ ಕೆಟ್ಟು ಆಭಾಸವಾದಾಗ ಅದು ಹಾಸ್ಯದ ಕಡೆಗೆ ಜಾರುತ್ತದೆ ಎಂಬುದನ್ನೂ ಅವನು ಗುರುತಿಸಿದ್ದಾನೆ. ಹಾಲಿವುಡ್ಡಿನ ಸಂಕಲನ ಕೋಣೆಯಲ್ಲಿ ಅವನ ‘ಅಭಿನವಭಾರತಿ’ ಇರಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಭಯಾನಕಕ್ಕೆ ಈ ವಿಘ್ನ ತಟ್ಟಿದಷ್ಟು ಬೇಗ ಇನ್ನೊಂದಕ್ಕೆ ತಟ್ಟುವುದಿಲ್ಲ, ಅಷ್ಟೆ. ದುಃಖದ ಚಿತ್ರ ಅರ್ಧಂಬರ್ಧ ಕೈಕೊಟ್ಟರೂ ಅಳುವವರು ಅಳುತ್ತಾರೆ. ಹೆದರಿಕೆ ಹಾಗಲ್ಲ. ಕತ್ತಲಲ್ಲಿ ಮುನ್ನೂರು ಜನ ಒಬ್ಬರಿಗೊಬ್ಬರು ಅರಿಯದೆಯೇ ಸಹಕರಿಸಿ ಅದನ್ನು ಹಿಡಿದಿಟ್ಟಿರುತ್ತಾರೆ, ಹಿಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕೆಂದರೆ ಉಳಿದವರಿಗೂ ಬಿಡುಗಡೆ. ಬೂರ್‌ಮನ್‌ಗೆ ಇದು ತಡವಾಗಿ ತಿಳಿಯಿತು. ಬಿಡುಗಡೆಯಾದ ಮೇಲೆ ಚಿತ್ರವನ್ನು ಅಲ್ಲಲ್ಲಿ ಕತ್ತರಿಸಿ, ಜನ ನಗುತ್ತಿದ್ದ ಜಾಗಗಳನ್ನು ತೆಗೆದು, ಕೊನೆಯನ್ನೂ ಬದಲಿಸಿ ಹೊಸ ಪ್ರತಿಗಳನ್ನು ಕಳಿಸಿದ. ನಗು ಬರುತ್ತಿದ್ದದ್ದು ಆ ಒಂದೊಂದು ಜಾಗದಿಂದ ಆಗಿದ್ದರೆ ಕತ್ತರಿ ಸಾಕಾಗುತ್ತಿತ್ತು. ಹುಡುಗಿಯೇ ಏಕೆ ಎಂಬ ಪ್ರಶ್ನೆಗೆ ಚಿತ್ರ ಉದ್ದಕ್ಕೂ ಉತ್ತರ ಕೊಡುತ್ತಿತ್ತು: ಅವಳಲ್ಲಿ ವಾಸಿಮಾಡುವ ಶಕ್ತಿ ಇದೆ, ಒಳ್ಳೆಯದು ಇದ್ದಲ್ಲಿಗೆ ಕೆಟ್ಟದ್ದು ಸೆಳೆಯಲ್ಪಡುತ್ತದೆ, ಇತ್ಯಾದಿ. ಒಳ್ಳೆಯ ಉತ್ತರವೇ ಇರಬಹುದು. ಕೇಳಿದವರು ಯಾರೂ ಇರಲಿಲ್ಲ.

ಈ ಚಿತ್ರಕ್ಕೆ ದೊಡ್ಡ ವಕೀಲರೂ ಸಿಕ್ಕಿದ್ದಾರೆ. ಮಾರ್ಟಿನ್ ಸ್ಕಾರ್ಸೆಸಿ ಮೊದಲ ಭಾಗಕ್ಕಿಂತ ಇದನ್ನೇ ಮೆಚ್ಚಿಕೊಂಡು ಬರೆದ. ವಿಮರ್ಶಕಿ ಪಾಲೀನ್ ಕೇಲ್ ಇದರ ದೃಶ್ಯವೈಭವವನ್ನು ಹೊಗಳಿದಳು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮಿಡತೆಯ ಕಣ್ಣಿನಿಂದ ನೋಡಿದಂತೆ ಕ್ಯಾಮೆರಾ ಬಂಡೆಗಳ ಮೇಲೆ ಹಾರುವ ಭಾಗವನ್ನು, ಎನ್ನಿಯೋ ಮೊರಿಕೋನೆಯ ಸಂಗೀತವನ್ನು, ದೆವ್ವದ ಯೋಚನೆ ಬಿಟ್ಟು ನೋಡಿ ಕೇಳಿದರೆ ಒಂದು ಅಪರೂಪದ ಹುಚ್ಚು ಚಿತ್ರ ಕಾಣುತ್ತದೆ. ಆದರೆ ಅದು ಹೆದರಲು ಬಾರದವರ ಅಭಿರುಚಿ. ಜನ ಬಯಸಿದ್ದನ್ನು ಕೊಡದೆ ಹೋದದ್ದೇ ತನ್ನ ತಪ್ಪು ಎಂಬರ್ಥದಲ್ಲಿ ಬೂರ್‌ಮನ್ ಆಮೇಲೆ ಮಾತಾಡಿದ. ಇಲ್ಲಿಯೇ ನನಗೂ ಅವನಿಗೂ ಭಿನ್ನಾಭಿಪ್ರಾಯ, ಸ್ಟುಡಿಯೋಗಳ ಜೊತೆಗಂತೂ ಜಗಳ. ಜನ ಬಯಸಿದ್ದು ಅದೇ ಹುಡುಗಿ, ಅದೇ ಮಂಚ, ಅದೇ ಮಂತ್ರ ಎಂದು ಅವರೆಲ್ಲ ತಿಳಿದರು. ಜನ ಬಯಸಿದ್ದು ಹೆದರಿಕೆಯನ್ನು. ಅದೇ ಮಂಚವನ್ನು ಇನ್ನೊಮ್ಮೆ ಅಲ್ಲಾಡಿಸಿದರೆ ಅದು ಸಿಗುವುದಿಲ್ಲ.

ಹೊಸತನ್ನು ಜನ ಒಪ್ಪುವುದಿಲ್ಲ ಎಂಬುದಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ. 1935ರಲ್ಲಿ ಜೇಮ್ಸ್ ವೇಲ್ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ ಮಾಡಿದಾಗ ರಾಕ್ಷಸನ ಬಾಯಿಗೆ ಮಾತು ಕೊಟ್ಟ, ಚಿತ್ರಕ್ಕೆ ವಿಡಂಬನೆ ತಂದ. ಜಾರ್ಜ್ ರೊಮೆರೊ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಆದ ಹತ್ತು ವರ್ಷಕ್ಕೆ ಅದೇ ಹೆಣಗಳನ್ನು ಬಣ್ಣದಲ್ಲಿ, ಶಾಪಿಂಗ್ ಮಾಲ್‌ನೊಳಗೆ ಅಲೆಯಲು ಬಿಟ್ಟ. ಹಳೆಯ ಪಾತ್ರ ಒಂದೂ ಇಲ್ಲ, ಯಾರೂ ಕೇಳಲಿಲ್ಲ. ಸ್ಯಾಮ್ ರೈಮಿ 1987ರಲ್ಲಿ ‘ಈವಿಲ್ ಡೆಡ್ 2’ ಮಾಡುವಾಗ ಮೊದಲ ಭಾಗದ ಕಥೆಯನ್ನೇ ಹಾಸ್ಯಕ್ಕೆ ತಿರುಗಿಸಿದ, ಜನ ಅವನ ಜೊತೆ ನಕ್ಕರು. ಎಡವಿದ್ದೂ ಉಂಟು. 1982ರ ‘ಹ್ಯಾಲೋವೀನ್ 3’ರಲ್ಲಿ ಹಿಂದಿನೆರಡು ಭಾಗಗಳ ಕೊಲೆಗಾರ ಮೈಕಲ್ ಮೈಯರ್ಸ್ ಇರಲಿಲ್ಲ. ಮಕ್ಕಳ ಮುಖವಾಡಗಳಲ್ಲಿ ಮಾಟ ಅಡಗಿಸಿ ಮಾರುವ ಕಂಪನಿಯ ಕಥೆ ಅದರದು. ಕಥೆ ಕೆಟ್ಟದ್ದಲ್ಲ, ಇವತ್ತು ಅದಕ್ಕೆ ಅಭಿಮಾನಿಗಳಿದ್ದಾರೆ. ಪೋಸ್ಟರಿನ ಹೆಸರು ಒಬ್ಬನನ್ನು ಕರೆದು, ಒಳಗೆ ಇನ್ನೊಬ್ಬನನ್ನು ತೋರಿಸಿತು. ನಿರ್ಮಾಪಕರು ಪಾಠ ಕಲಿತರು. 1988ರ ನಾಲ್ಕನೆಯ ಭಾಗದ ಶೀರ್ಷಿಕೆಯಲ್ಲೇ ಮೈಕಲ್ ಮೈಯರ್ಸ್ ಮರಳಿ ಬಂದನೆಂದು ಸಾರಿದರು. ಮುಂದೆ ಅವನು ಎಷ್ಟು ಸಲ ಸತ್ತ, ಎಷ್ಟು ಸಲ ಎದ್ದ ಎಂದರೆ ಅವನನ್ನು ಕಂಡು ಬೆಚ್ಚುವವರು ಕಡಿಮೆಯಾಗುತ್ತ ಬಂದರು.

ನಮ್ಮಲ್ಲಿಯೂ ಈ ಬೆಳೆಗೆ ಮಣ್ಣಿದೆ. ಫಾಝಿಲ್‌ನ ಮಲಯಾಳಂ ‘ಮಣಿಚಿತ್ರತ್ತಾಳ್’ 1993ರದು, ಅದನ್ನು ಕನ್ನಡಕ್ಕೆ ತಂದ ಪಿ. ವಾಸು ಅವರ ‘ಆಪ್ತಮಿತ್ರ’ 2004ರದು. ನಾಗವಲ್ಲಿಯನ್ನು ಕಂಡು ಬೆವೆತ ನಮಗೆ ಕೊನೆಗೆ ಮನೋವೈದ್ಯ ವಿಜಯ್ ಬಂದು, ದೆವ್ವವಿಲ್ಲ, ಇದು ಮನಸ್ಸಿನ ಕಾಯಿಲೆ ಎಂದು ಹೇಳಿದರು. 2010ರ ‘ಆಪ್ತರಕ್ಷಕ’ದಲ್ಲಿ ಅದೇ ವೈದ್ಯರಿದ್ದಾರೆ, ಆದರೆ ಚಿತ್ರಪಟದ ಬೆನ್ನಿಗೆ ಶಾಪವಿದೆ, ಹಿಂದಿನ ಕಾಲದ ರಾಜ ಇನ್ನೂ ಬದುಕಿದ್ದಾನೆ. ಬೂರ್‌ಮನ್ ದೆವ್ವದ ಕಥೆಗೆ ವೈದ್ಯರನ್ನು ತಂದ, ಇಲ್ಲಿ ವೈದ್ಯರ ಕಥೆಗೆ ದೆವ್ವ ಬಂತು. ತರ್ಕದಲ್ಲಿ ನೋಡಿದರೆ ಮೊದಲ ಭಾಗದ ತಳಹದಿಯನ್ನೇ ಕಿತ್ತಂತಾಯಿತು. ಕನ್ನಡ ಪ್ರೇಕ್ಷಕರು ಅದನ್ನು ಲೆಕ್ಕಕ್ಕಿಡಲಿಲ್ಲ. ‘ಆಪ್ತಮಿತ್ರ’ ತೆರೆಗೆ ಬರುವ ಮೊದಲೇ ಅದರ ನಾಯಕಿ ಸೌಂದರ್ಯ ವಿಮಾನ ಅಪಘಾತದಲ್ಲಿ ಹೋಗಿದ್ದರು. ‘ಆಪ್ತರಕ್ಷಕ’ ಬರುವ ಹೊತ್ತಿಗೆ ವೈದ್ಯರ ಪಾತ್ರದ ವಿಷ್ಣುವರ್ಧನ್ ಹೋಗಿ ಎರಡು ತಿಂಗಳೂ ಆಗಿರಲಿಲ್ಲ. ಜನ ಹೋದದ್ದು ಹೆದರುವುದಕ್ಕಲ್ಲ, ಅವರನ್ನು ಇನ್ನೊಮ್ಮೆ ನೋಡುವುದಕ್ಕೆ. ಆ ಚಿತ್ರದ ಗೆಲುವನ್ನು ಮುಂದುವರಿಕೆಯ ಗೆಲುವೆಂದು ಓದಿದ್ದರೆ ಅದೂ ತಪ್ಪು ಓದೇ. ವಾಸು ಅವರೇ ಇದೇ ಕಥೆಯ ತಮಿಳು ಸರಣಿಯಲ್ಲಿ ‘ಚಂದ್ರಮುಖಿ 2’ ಮಾಡಿದಾಗ ನಾಯಕ, ನಾಯಕಿ ಇಬ್ಬರೂ ಹೊಸಬರು, ಕಥೆಯ ಅಚ್ಚು ಹಳೆಯದು. ಆಗ ಆ ಕೊರತೆ ಬರಿಗಣ್ಣಿಗೆ ಕಂಡಿತು. ಅದು ತೆರೆಕಂಡದ್ದು 2023ರ ಸೆಪ್ಟೆಂಬರ್ 28ರಂದು. ಅದಾಗಿ ಎಂಟು ದಿನಕ್ಕೆ ಅಮೆರಿಕದಲ್ಲಿ ಇನ್ನೊಂದು ‘ಎಕ್ಸಾರ್ಸಿಸ್ಟ್’ ಬರುವುದಿತ್ತು. ಅದಕ್ಕೆ ಬರುತ್ತೇನೆ.

ಅದಕ್ಕೆ ಮುಂಚೆ 1990. ಬ್ಲ್ಯಾಟಿ ತನ್ನದೇ ‘ಲೀಜನ್’ ಕಾದಂಬರಿಯನ್ನು ತಾನೇ ನಿರ್ದೇಶಿಸಿದ. ಮುದಿ ಪೊಲೀಸ್ ಅಧಿಕಾರಿಯೊಬ್ಬ ಸರಣಿ ಕೊಲೆಗಳ ಜಾಡು ಹಿಡಿದು ಹೋಗುವ ಕಥೆ, ದೆವ್ವ ಬಿಡಿಸುವ ಪ್ರಸಂಗವೇ ಇಲ್ಲ. ನಿರ್ಮಾಣ ಸಂಸ್ಥೆ ಚಿತ್ರಕ್ಕೆ ‘ಎಕ್ಸಾರ್ಸಿಸ್ಟ್ 3’ ಎಂದು ಹೆಸರಿಟ್ಟಿತು. ಹೆಸರಿನಲ್ಲಿ ಇದ್ದ ಮೇಲೆ ಚಿತ್ರದಲ್ಲೂ ಇರಬೇಕಲ್ಲ ಎಂದು, ಚಿತ್ರೀಕರಣ ಮುಗಿದ ಮೇಲೆ ದೆವ್ವ ಬಿಡಿಸುವ ದೃಶ್ಯವೊಂದನ್ನು ಹೊಲಿಸಿತು. ಅದಕ್ಕೆಂದೇ ಒಬ್ಬ ಪಾದ್ರಿಯ ಪಾತ್ರವನ್ನು ಹುಟ್ಟಿಸಿ ನಿಕೋಲ್ ವಿಲಿಯಮ್ಸನ್‌ನನ್ನು ಕರೆಸಿದರು. ಬೆಂಕಿ, ಹಾವು, ಸಿಡಿಲು, ಯಾವುದಕ್ಕೂ ಕೊರತೆಯಿಲ್ಲ. ಇವತ್ತು ಆ ಚಿತ್ರದಿಂದ ಜನ ಒಬ್ಬರಿಗೊಬ್ಬರು ತೋರಿಸುವುದು ಬೇರೆಯದನ್ನು. ರಾತ್ರಿಯ ಆಸ್ಪತ್ರೆ. ಕ್ಯಾಮೆರಾ ದೂರದಲ್ಲಿ ಅಲ್ಲಾಡದೆ ನಿಂತು ಉದ್ದನೆಯ ಓಣಿಯನ್ನು ನೋಡುತ್ತಿದೆ. ನರ್ಸ್ ಒಬ್ಬಳು ಬಾಗಿಲು ತೆಗೆಯುತ್ತಾಳೆ, ಮುಚ್ಚುತ್ತಾಳೆ, ಕಾಗದ ನೋಡುತ್ತಾಳೆ. ಕಾವಲಿನವನು ಎದ್ದು ಹೋಗುತ್ತಾನೆ. ನಿಮಿಷಗಟ್ಟಲೆ ಏನೂ ಆಗುವುದಿಲ್ಲ. ನಮಗೆ ಆಕಳಿಕೆ ಬರಬೇಕು ಎನ್ನುವಾಗ ಅವಳ ಬೆನ್ನ ಹಿಂದೆ ಬಿಳಿ ಬಟ್ಟೆ ಸುತ್ತಿಕೊಂಡ ಆಕೃತಿ, ಕೈಯಲ್ಲಿ ದೊಡ್ಡ ಕತ್ತರಿ, ದಾಟುತ್ತದೆ. ಹಳೆಯ ಚಿತ್ರದ ಒಂದು ವಸ್ತುವೂ ಇಲ್ಲದೆ ಹಳೆಯ ಹೆದರಿಕೆ ಬಂತು. ಪ್ರೇಕ್ಷಕರು 1977ರಲ್ಲಿ ಕೇಳಿದ್ದು ಇದನ್ನೇ. ಸ್ಟುಡಿಯೋ ಕೇಳಿಸಿಕೊಂಡದ್ದು ಹಾವು, ಸಿಡಿಲನ್ನು.

2004ರ ಪ್ರಹಸನವನ್ನು ಬೇಗ ಹೇಳಿ ಮುಗಿಸುತ್ತೇನೆ. ಮೆರಿನ್‌ನ ಯೌವನದ ಕಥೆಯನ್ನು ಪಾಲ್ ಶ್ರೇಡರ್ ಚಿತ್ರಿಸಿ ಮುಗಿಸಿದ. ಸಾಕಷ್ಟು ಹೆದರಿಸುವುದಿಲ್ಲ ಎಂದು ಅದನ್ನು ಕಪಾಟಿಗೆ ಸೇರಿಸಿ, ಅದೇ ನಾಯಕನಟನನ್ನು ಇಟ್ಟುಕೊಂಡು ರೆನ್ನಿ ಹಾರ್ಲಿನ್‌ನಿಂದ ಹೆಚ್ಚುಕಡಿಮೆ ಇಡೀ ಚಿತ್ರವನ್ನು ಹೊಸದಾಗಿ ತೆಗೆಸಿದರು. ಅದೂ ಜನರಿಗೆ ಹಿಡಿಸಲಿಲ್ಲ. ಮರುವರ್ಷ ಕಪಾಟಿನಲ್ಲಿದ್ದದ್ದನ್ನೂ ಹೊರಗೆ ಬಿಟ್ಟರು. ಒಂದೇ ಕಥೆಗೆ ಎರಡು ಸಲ ನಿರಾಶರಾಗುವ ಅವಕಾಶ ಪ್ರೇಕ್ಷಕರಿಗೆ ಬೇರೆಲ್ಲೂ ಸಿಕ್ಕಿರಲಾರದು.

2021ರಲ್ಲಿ ಯೂನಿವರ್ಸಲ್ ಮತ್ತದರ ಸಹಸಂಸ್ಥೆ ಈ ಸರಣಿಯ ಮೂರು ಹೊಸ ಚಿತ್ರಗಳಿಗೆಂದು ಸುಮಾರು 40 ಕೋಟಿ ಡಾಲರ್ ಸುರಿದವೆಂದು ವರದಿಯಾಯಿತು. 2023ರ ಆಗಸ್ಟ್ 7ರಂದು ಫ್ರೀಡ್ಕಿನ್ ತೀರಿಕೊಂಡ. ಅಕ್ಟೋಬರ್ 6ರಂದು ಡೇವಿಡ್ ಗಾರ್ಡನ್ ಗ್ರೀನ್‌ನ ‘ದಿ ಎಕ್ಸಾರ್ಸಿಸ್ಟ್: ಬಿಲೀವರ್’ ಬಂತು. 1977ರಲ್ಲಿ ಬರಲೊಪ್ಪದ ಎಲೆನ್ ಬರ್ಸ್ಟಿನ್ ಮೊದಲ ಚಿತ್ರವಾದ ಐವತ್ತು ವರ್ಷಗಳ ಮೇಲೆ ಅದೇ ತಾಯಿಯಾಗಿ ಬಂದಳು. ಸ್ವಲ್ಪ ಹೊತ್ತಿಗೇ ಆ ಪಾತ್ರದ ಕಣ್ಣು ಹೋಗಿ ಅವಳು ಆಸ್ಪತ್ರೆಯ ಹಾಸಿಗೆ ಸೇರಿದಳು. ಒಬ್ಬ ಹುಡುಗಿಯ ಬದಲು ಇಬ್ಬರಿಗೆ ದೆವ್ವ ಹಿಡಿಯಿತು, ಒಬ್ಬ ಪಾದ್ರಿಯ ಬದಲು ಹಲವು ನಂಬಿಕೆಗಳವರು ಕೂಡಿ ಬಿಡಿಸಲು ನಿಂತರು. ಮೊದಲ ದಿನ ಚಿತ್ರಮಂದಿರದ ಬಾಗಿಲಲ್ಲೇ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ಅಂಕ ಕೇಳುವ ಸಿನಿಮಾಸ್ಕೋರ್ ಎಂಬ ಸಂಸ್ಥೆಯಿದೆ. ಅಲ್ಲಿ ಇದಕ್ಕೆ ಸಿಕ್ಕಿದ್ದು ‘ಸಿ’. ಈ ಅಂಕವನ್ನು ನಾನು ದೊಡ್ಡದು ಮಾಡುವುದಿಲ್ಲ. 2018ರ ‘ಹೆರೆಡಿಟರಿ’ಗೆ, ಈಚಿನ ವರ್ಷಗಳ ಉತ್ತಮ ಭಯಾನಕ ಚಿತ್ರಗಳಲ್ಲಿ ಒಂದಕ್ಕೆ, ಸಿಕ್ಕಿದ್ದು ‘ಡಿ ಪ್ಲಸ್’. ನಿಜವಾಗಿ ಹೆದರಿದವನು ಹೊರಗೆ ಬಂದ ತಕ್ಷಣ ಚೀಟಿಯಲ್ಲಿ ಖುಷಿಯ ಗುರುತು ಹಾಕುವ ಸ್ಥಿತಿಯಲ್ಲಿ ಇರುವುದಿಲ್ಲ. ಬೆವೆತವನೂ ಬೇಸತ್ತವನೂ ಒಂದೇ ಅಕ್ಷರ ಬರೆದು ಹೋಗುತ್ತಾರೆ, ಸ್ಟುಡಿಯೋ ಆ ಅಕ್ಷರವನ್ನು ಮಾತ್ರ ಓದುತ್ತದೆ.

ಯೋಜಿಸಿದ್ದ ಮುಂದಿನ ಭಾಗವನ್ನು ಕೈಬಿಟ್ಟರು. 2024ರಲ್ಲಿ ನಿರ್ದೇಶಕ ಮೈಕ್ ಫ್ಲ್ಯಾನಗನ್‌ನನ್ನು ಕರೆದು, ಹಿಂದಿನದಕ್ಕೆ ಗಂಟುಹಾಕದ ಹೊಸ ಚಿತ್ರವನ್ನು ಒಪ್ಪಿಸಿದ್ದಾರೆ. ಪೋಸ್ಟರಿನ ಮೇಲೆ ಹಳೆಯ ಹೆಸರೇ ಇರುತ್ತದೆ, ಅದಕ್ಕೆ ತಾನೆ ಅಷ್ಟು ದುಡ್ಡು ಕೊಟ್ಟದ್ದು. ಇತ್ತ ಬ್ಲ್ಯಾಟಿ ಮೊದಲು ಕಟ್ಟಿದ್ದ ‘ಲೀಜನ್’ನ ಮೂಲ ರೂಪ 2016ರಲ್ಲಿ ಡಿಸ್ಕಿನಲ್ಲಿ ಸಿಗುವಂತಾಯಿತು. ಕತ್ತರಿಸಿ ಎಸೆದ ಫಿಲ್ಮು ಸಿಗದೆ, ಉಳಿದಿದ್ದ ವಿಡಿಯೋ ಕ್ಯಾಸೆಟ್ಟಿನ ಪ್ರತಿಗಳಿಂದ ಜೋಡಿಸಿದ್ದಾರೆ. ದೃಶ್ಯದ ನಡುವೆ ಚಿತ್ರ ಮಸುಕಾಗುತ್ತದೆ, ಬಣ್ಣ ಹೋಗುತ್ತದೆ, ಮತ್ತೆ ತಿಳಿಯಾಗುತ್ತದೆ. ಅಲ್ಲಿ ದೆವ್ವ ಬಿಡಿಸುವುದಿಲ್ಲ, ಮುದಿ ಪೊಲೀಸಿನವನು ಕೋಣೆಗೆ ನಡೆದು ಬಂದು ಗುಂಡು ಹೊಡೆಯುತ್ತಾನೆ. ಅದು ಚಿತ್ರಮಂದಿರದ ರೂಪಕ್ಕಿಂತ ಒಳ್ಳೆಯದೆಂದು ವಾದಿಸುವವರಿದ್ದಾರೆ. ನನಗೆ ಮಾತು ಜಾಸ್ತಿಯಾಯಿತು ಎನಿಸಿತು, ಕೊನೆ ತಟಕ್ಕನೆ ಮುಗಿಯಿತು ಎನಿಸಿತು. ಆಸ್ಪತ್ರೆಯ ಓಣಿ ಎರಡರಲ್ಲೂ ಇದೆ.